ಮಾವನ ಅಂಗಡಿಯ ಮುಂದೆ ಮೂರು ದಿನ

ಹಿರಿಯೂರು ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುವ ತಿಪ್ಪೇರುದ್ರಪ್ಪ ಸೇಡು ತೀರಿಸಿಕೊಳ್ಳಬೇಕೆಂದು ತೀರ್ಮಾನಿಸಿದ್ದು ಯುಗಾದಿಯ ಮರುದಿನ. ತೀರಿಸಿಕೊಳ್ಳಲು ರಜೆ ಸಿಕ್ಕಿದ್ದು ದಸರಾಕ್ಕೆ. ನಡುವಿನ ಆರು ತಿಂಗಳು ಕೋಪ ತಣ್ಣಗಾಗದಂತೆ ಕಾಪಾಡಿಕೊಂಡು ಬಂದದ್ದೇ ಅವನ ಇಪ್ಪತ್ಮೂರು ವರ್ಷದ ಬಾಳಿನಲ್ಲಿ ಅವನು ಸ್ವಂತವಾಗಿ ಮಾಡಿದ ಮೊದಲ ಕೆಲಸ. ಉಳಿದದ್ದೆಲ್ಲ ನಕಲೇ. ಮಾರಿಕಣಿವೆಯ ಕಟ್ಟೆ ಮುಗಿದು ಕಾಲುವೆ ನೀರಿನ ತಕರಾರುಗಳು ಶುರುವಾದ ಮೇಲೆ ಕಚೇರಿಗೆ ಕಾಗದ ವಿಪರೀತ ಹೆಚ್ಚಿತು. ಕಾಗದ ಹೆಚ್ಚಿದ್ದರಿಂದ ಆದಿವಾಲದ ರೇವಣಸಿದ್ದಪ್ಪನ ಮಗನಾದ ಅವನಿಗೆ ಕೆಲಸ ಸಿಕ್ಕಿತು. ಬೇರೆಯವರು ಹೇಳಿದ್ದನ್ನು ಬೇರೆಯವರ ರುಜುವಿಗಾಗಿ ದುಂಡಗೆ ಬರೆಯುವುದು ಆ ಕೆಲಸ. ಅಮಲ್ದಾರರು ಒಮ್ಮೆ ಅವನ ಅಕ್ಷರವನ್ನು ಹೊಗಳಿದ್ದರು. ಅದನ್ನು ಅವನು ಊರಿಗೆಲ್ಲ ಹೇಳಿದ್ದ. ಅಕ್ಷರದೊಳಗಿನ ಮಾತು ತನ್ನದಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಸೇಡು ಸೋದರಮಾವ ಚಿತ್ರಲಿಂಗಪ್ಪನ ಮೇಲೆ. ಅವ್ವ ಮರುಳಸಿದ್ದಮ್ಮನಿಗೆ ಇದ್ದವನು ಅವನೊಬ್ಬನೇ ತಮ್ಮ. ಇಬ್ಬರೂ ಹುಟ್ಟಿದ್ದು ಹೊಸದುರ್ಗದ ಕಡೆಯ ಮಾಡದಕೆರೆಯಲ್ಲಿ. ಅವರಿಬ್ಬರ ಅಪ್ಪ ತೀರಿಕೊಂಡ ಮೇಲೆ ಚಿತ್ರಲಿಂಗಪ್ಪ ಹೊಲ ಮಾರಿ ಚಿತ್ರದುರ್ಗದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ. ಹಾಗಾಗಿ ಮರುಳಸಿದ್ದಮ್ಮನಿಗೆ ತವರು ಎಂದರೆ ಈಗ ಆ ಅಂಗಡಿ, ಅದರ ಪಕ್ಕದ ಜಗಲಿ, ಹಿಂದಿನ ಮನೆ.

ಅವರ ಕಡೆ ಮಾವನ ಮಗಳ ಮೇಲೆ ಅಕ್ಕನ ಮಗನಿಗೆ ಮೊದಲ ಹಕ್ಕು. ಹೊರಗೆ ಕೊಡಬಾರದೆಂದೇನಿಲ್ಲ. ಆದರೆ ಕೊಡುವ ಮುಂಚೆ ತಮ್ಮನಾದವನು ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಅಕ್ಕನ ಮನೆಗೆ ಬಂದು, ಹುಡುಗನ ಮುಂದೆ ಹಿಡಿದು, ಒಪ್ಪಿಗೆ ಕೇಳಬೇಕು. ಹುಡುಗ ಒಂದು ಎಲೆ ಎತ್ತಿಕೊಂಡರೆ ಹಕ್ಕು ಬಿಟ್ಟ ಹಾಗೆ. ಎತ್ತಿಕೊಳ್ಳದೆ ಸತಾಯಿಸಿದವರು ಇದ್ದರು. ಕೇಳದೆಯೇ ಕೊಟ್ಟವರು ಇರಲಿಲ್ಲ. ಚಿತ್ರಲಿಂಗಪ್ಪ ಮಗಳು ಮಲ್ಲಕ್ಕನನ್ನು ಹೊಳಲ್ಕೆರೆಯ ರೈಲು ಸ್ಟೇಷನ್ನಿನಲ್ಲಿ ಹಿತ್ತಾಳೆ ಗುಂಡಿಯ ಕೋಟು ತೊಡುವ ಒಬ್ಬ ಗುಮಾಸ್ತನಿಗೆ ಕೇಳದೆಯೇ ಕೊಟ್ಟುಬಿಟ್ಟ. ಸಾಲದ್ದಕ್ಕೆ ಅಲ್ಲೇ ನಡೆದ ಲಗ್ನದ ಪಂಕ್ತಿಯಲ್ಲಿ, "ನಕಲು ಬರೆಯೋನಿಗೆ ಅಸಲು ಹುಡುಗಿ ಯಾಕ್ ಬೇಕು?" ಎಂದನಂತೆ. ಈ ಮಾತು ಹೊಳಲ್ಕೆರೆಯಿಂದ ಹಿರಿಯೂರಿಗೆ ರೈಲಿಲ್ಲದಿದ್ದರೂ ಎರಡೇ ದಿನದಲ್ಲಿ ಬಂದು ಮುಟ್ಟಿತು.

ಮಲ್ಲಕ್ಕನ ಮೇಲೆ ತಿಪ್ಪೇರುದ್ರಪ್ಪನಿಗೆ ಆಸೆ ಇತ್ತೇ ಎಂದರೆ, ಇರಲಿಲ್ಲ. ಕೊನೆಯ ಸಲ ನೋಡಿದಾಗ ಅವಳು ಅವನ ಹೊಸ ಟೋಪಿಯನ್ನು ಬಾವಿಗೆ ಹಾಕಿದ್ದಳು. ಆದರೂ ತನಗೆ ಬೇಡದ್ದನ್ನು ಬೇಡ ಎನ್ನುವ ಅವಕಾಶವನ್ನೂ ಕಸಿದುಕೊಂಡರೆ ಮನುಷ್ಯನಿಗೆ ಉಳಿಯುವುದೇನು?

ಮಾವನಿಗೆ ಹೇಳಬೇಕಾದ್ದನ್ನು ಅವನು ಅರ್ಜಿಯ ಧಾಟಿಯಲ್ಲಿ ಕರಡು ಮಾಡಿದ್ದ. ಮೊದಲನೆಯ ಕಲಮು ರಕ್ತಸಂಬಂಧದ ಬಗ್ಗೆ, ಎರಡನೆಯದು ಅವ್ವನ ಕಣ್ಣೀರಿನ ಬಗ್ಗೆ, ಮೂರನೆಯದು ಹಿತ್ತಾಳೆ ಗುಂಡಿಯ ಬಗ್ಗೆ. ಎಷ್ಟು ತಿದ್ದಿದರೂ 'ತಮ್ಮ ಆಜ್ಞಾಧಾರಕ ಸೇವಕ' ಎಂದೇ ಮುಗಿಯುತ್ತಿತ್ತು. ಹಾಗಾಗಿ ಮಾತಿಗಿಂತ ನಡತೆಯೇ ಮೇಲು ಎಂದುಕೊಂಡ. ಅಪ್ಪನನ್ನೂ ಅವ್ವನನ್ನೂ ಪೇಟೆ ತೋರಿಸಲು ದುರ್ಗಕ್ಕೆ ಕರೆದೊಯ್ಯುವುದು. ಮಾವನ ಮನೆ ಇದ್ದೂ ಮಠದಲ್ಲಿ ಇಳಿಯುವುದು. ಮೂರು ದಿನ ಬೆಳಿಗ್ಗೆ ಸಂಜೆ ಮಾವನ ಅಂಗಡಿಯ ಮುಂದೆ ಹಾದುಹೋಗುವುದು, ಒಳಕ್ಕೆ ಕಾಲಿಡದಿರುವುದು. ಊರಿಗೆ ಬಂದ ಅಕ್ಕ ತಮ್ಮನ ಹೊಸ್ತಿಲು ತುಳಿಯದೆ ಹೋದಳೆಂದರೆ ಪೇಟೆಯವರೆಲ್ಲ ಕಾರಣ ಕೇಳುತ್ತಾರೆ. ಉತ್ತರ ಹೇಳುತ್ತ ಹೇಳುತ್ತ ಮಾವ ಕುಗ್ಗಿ ಕುಗ್ಗಿ ಮೊಳಕೋಲಿನಷ್ಟಾಗಬೇಕು.

ಅಪ್ಪನಿಗೆ ಹೇಳಿದಾಗ ಅವನು, "ಕೋಟೆ ನೋಡಿಲ್ಲಪ್ಪ ನಾನು. ಇಷ್ಟು ಹತ್ರ ಇದ್ದು ಒಂದ್ಸಲಾನೂ ಹತ್ತಿಲ್ಲ. ಹೋಗಾಣ," ಎಂದ. ಸೇಡಿನ ಭಾಗ ಅವನಿಗೆ ಕೇಳಿಸಿತೋ ಇಲ್ಲವೋ.

ಅವ್ವ ಜೋಳ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ಎಷ್ಟು ದಿನ?"

"ಮೂರು ದಿನ ಅವ್ವ."

"ಸಾಕು," ಎಂದು ಮತ್ತೆ ಕೇರತೊಡಗಿದಳು.

ಪಾಲಯ್ಯನ ಗಾಡಿ ಕಟ್ಟಿಸಿಕೊಂಡು ಹೊರಟರು. ತಿಪ್ಪೇರುದ್ರಪ್ಪ ಶಿರಸ್ತೇದಾರರ ತಮ್ಮನಿಂದ ಕಡ ತಂದ ಕರಿ ಕೋಟು ತೊಟ್ಟು, ಹೊಸ ಬೂಟು ಹಾಕಿದ್ದ. ಬೂಟು ಐಮಂಗಲದಲ್ಲಿ ಕಚ್ಚಲು ಶುರುಮಾಡಿತು. ಆಗ ಅವನು ಗಾಡಿಯಲ್ಲಿ ಕೂತಿದ್ದ. ಒಂದು ಹೆಜ್ಜೆಯೂ ನಡೆದಿರಲಿಲ್ಲ.

ದುರ್ಗದ ಮಠದ ಪಡಸಾಲೆಯಲ್ಲಿ ಜಾಗ ಸಿಕ್ಕಿತು. ಮರುದಿನ ಅಪ್ಪನ ಲಿಂಗಪೂಜೆ ಮುಗಿದು ಮಠದ ಪಂಕ್ತಿಯಲ್ಲಿ ಮುದ್ದೆ ಉಂಡಮೇಲೆ ಮೊದಲ ಮೆರವಣಿಗೆ ಹೊರಟಿತು. ಮುಂದೆ ಕುಂಟುತ್ತ ತಿಪ್ಪೇರುದ್ರಪ್ಪ, ಅವನ ಹಿಂದೆ ಅವ್ವ, ಕೊನೆಯಲ್ಲಿ ಅಪ್ಪ. ಅಂಗಡಿಯ ನೇರಕ್ಕೆ ಬಂದಾಗ ತಿಪ್ಪೇರುದ್ರಪ್ಪ ಎದೆ ಉಬ್ಬಿಸಿ, ಕತ್ತು ನೆಟ್ಟಗೆ ಮಾಡಿ, ಮಾವನನ್ನು ಕಾಣದವನ ಹಾಗೆ ನಡೆದ. ದಾಟಿದ ಮೇಲೆ ತಿರುಗಿ ನೋಡಿದರೆ ಮಾವ ಬೀದಿಗೆ ಬೆನ್ನು ಮಾಡಿ ಮೇಲಿನ ಹಲಗೆಯಿಂದ ಸೀರೆ ಇಳಿಸುತ್ತಿದ್ದ. ಅಪ್ಪನಂತೂ ಇಪ್ಪತ್ತು ಮಾರು ಹಿಂದೆ ನಿಂತು ಯಾರದೋ ಎತ್ತಿನ ಹಲ್ಲು ಎಣಿಸುತ್ತಿದ್ದ.

ಎರಡನೆಯ ಸಲ ಹೋದಾಗ ಅಂಗಡಿಯ ಮುಂದೆ ಬಣವೆಯಷ್ಟು ದೊಡ್ಡ ಹೆಂಗಸರ ಗುಂಪಿತ್ತು. ದಸರಾ ವ್ಯಾಪಾರ. ಆ ಕಡೆಯಿಂದ ಈ ಕಡೆ ಏನೂ ಕಾಣುವಂತಿರಲಿಲ್ಲ. ಮೂರನೆಯ ಸಲ ಹೋದಾಗ ಎದುರು ಸಾಲಿನಲ್ಲಿ ಎಲೆ ಮಾರುವ ಓಬವ್ವ ಕೂಗಿಯೇ ಬಿಟ್ಟಳು:

"ಏನಪ್ಪ ಕೋಟಿನ ಸಾಹೇಬ್ರು, ಆವಾಗ್ಲಿಂದ ಅತ್ಲಾಗೂ ಇತ್ಲಾಗೂ ಓಡಾಡ್ತಿದೀರಿ? ಬಟ್ಟೆ ಬೇಕಿದ್ರೆ ಚಿತ್ರಲಿಂಗಪ್ನ ಅಂಗ್ಡಿ ಇದೇನೆ. ನಾಚ್ಕೋಬ್ಯಾಡ್ರಿ, ಒಳಕ್ ಹೋಗ್ರಿ."

"ಗೊತ್ತೈತಮ್ಮ, ಗೊತ್ತೈತೆ," ಎಂದ ತಿಪ್ಪೇರುದ್ರಪ್ಪ.

"ಗೊತ್ತಿದ್ದೂ ಹೋಗಲ್ಲ ಅಂದ್ರೆ ಕಾಲು ನೋಯ್ತೈತೆ ಅಂತ ಕಾಣ್ತೈತೆ. ಕುಂತ್ಕಳ್ರಿ ಇಲ್ಲಿ."

ಅವಳ ಹತ್ತಿರ ಕೂರಬೇಕಾಗಿ ಬಂತು. ಅಷ್ಟರಲ್ಲಿ ಅಪ್ಪ ಎಲ್ಲಿಂದಲೋ ಕಾಫಿಯ ವಾಸನೆ ಹಿಡಿದಿದ್ದ. ಹೊಸದಾಗಿ ತೆರೆದಿದ್ದ ಕಾಫಿ ಅಂಗಡಿಯ ಹೊರಗಿನ ಬೆಂಚಿನಲ್ಲಿ ಕೂತು ಜೀವನದ ಮೊದಲ ಕಾಫಿ ಕುಡಿದ. "ರಾಗಿ ಸೀದು ಹೋದಾಗ ನಿಮ್ಮವ್ವ ಎಮ್ಮೆಗೆ ಹಾಕ್ತಾಳೆ. ಇಲ್ಲಿ ಲೋಟದಾಗೆ ಕೊಡ್ತಾರೆ ನೋಡು," ಎಂದು ಹೊಗಳಿ ಇನ್ನೊಂದು ಲೋಟ ಕುಡಿದ. ಸಂಜೆಯ ತನಕ ಅವನು ಬಹಳ ಚುರುಕಾಗಿದ್ದ. ತಿಪ್ಪೇರುದ್ರಪ್ಪ ಮಾತ್ರ ಅಂಗಾಲಿನ ಗುಳ್ಳೆಗಳನ್ನು ನೋಡಿಕೊಳ್ಳುತ್ತ ಕೂತ. ಆರು ತಿಂಗಳ ಸೇಡು, ಮೂರು ಸಲದ ಮೆರವಣಿಗೆ; ಕಂಡವಳು ಒಬ್ಬಳು ಎಲೆ ಮಾರುವವಳು.

ಮಲಗುವ ಮುಂಚೆ ಅವ್ವ ಕೇಳಿದಳು: "ಅವನ ಮನೆ ಜಗಲಿ ಅಂಗ್ಡಿ ಒಳಗ್ ಕುಂತೋನಿಗೆ ಕಾಣ್ತೈತೇನೋ ರುದ್ರ?"

"ಕಾಣ್ತೈತೆ. ಪಕ್ಕದಾಗೇ ಐತಲ್ಲ. ಯಾಕವ್ವ?"

"ಸುಮ್ನೆ ಕೇಳ್ದೆ."

ಎರಡನೆಯ ದಿನ ಕೋಟೆ. ಹೊರಡುವಾಗ ಅವ್ವ ಮೊಣಕಾಲು ಹಿಡಿದುಕೊಂಡು, "ನೀವು ಹೋಗ್ ಬರ್ರಿ, ನಂಗೆ ಹತ್ತಾಕಾಗಲ್ಲ," ಎಂದಳು. ಅಪ್ಪ ಮಗ ಇಬ್ಬರೇ ಹೋದರು. ಎರಡನೆಯ ಬಾಗಿಲು ದಾಟುವ ಹೊತ್ತಿಗೆ ಬೂಟು ಕೈಗೆ ಬಂತು. ಒಂದೊಂದು ಕೈಯಲ್ಲಿ ಒಂದೊಂದು ಬೂಟು ಹಿಡಿದು, ಮೈಮೇಲೆ ಕರಿ ಕೋಟು ತೊಟ್ಟು ಬರಿಗಾಲಲ್ಲಿ ಬಂಡೆ ಹತ್ತುವ ಸರ್ಕಾರಿ ನೌಕರನನ್ನು ಕೋತಿಗಳೂ ನಿಂತು ನೋಡಿದವು. ಅಪ್ಪ ಅರವತ್ತರ ಹತ್ತಿರದವನು, ಆಡಿನಂತೆ ಮುಂದೆ ಮುಂದೆ ಏರುತ್ತಿದ್ದ. ತುದಿಗೆ ಹೋಗಿ ನಿಂತಾಗ ಕೆಳಗೆ ಇಡೀ ಪೇಟೆ ಹರಡಿತ್ತು. ಗಾಳಿಗೆ ಅಪ್ಪನ ರುಮಾಲಿನ ತುದಿ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಆ ಬಡ್ಡಿಮಗನ ಅಂಗ್ಡಿ ಯಾವ್ದಲೇ?"

ತಿಪ್ಪೇರುದ್ರಪ್ಪ ಬೂಟಿನಿಂದ ತೋರಿಸಿದ.

ಅಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಚೆನ್ನಾಗಿ ಜಗಿದು, ಹಿಂದಕ್ಕೆ ಬಾಗಿ, ಆ ದಿಕ್ಕಿಗೆ ಉಗಿದ. ಗಾಳಿ ಎದುರಿತ್ತು. ಅರ್ಧ ಕಡ ತಂದ ಕೋಟಿನ ಮೇಲೆ ಬಿತ್ತು.

"ಮುಟ್ಟಲಿಲ್ಲ," ಎಂದ ಅಪ್ಪ. "ಆದ್ರೂ ಸಮಾಧಾನ ಆತು." ಆಗ ತಿಪ್ಪೇರುದ್ರಪ್ಪನಿಗೆ ಗೊತ್ತಾಯಿತು, ಸೇಡಿನ ಭಾಗ ಅಪ್ಪನಿಗೆ ಮೊದಲ ದಿನವೇ ಕೇಳಿಸಿತ್ತೆಂದು.

ಇಳಿದು ಪೇಟೆಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಮಾವನ ಅಂಗಡಿಯ ಮುಂದೆ ಜನ ಕಟ್ಟಿಕೊಂಡಿದ್ದರು. ವ್ಯಾಪಾರದ ಗುಂಪಲ್ಲ, ಯಾರೂ ಬಟ್ಟೆ ನೋಡುತ್ತಿರಲಿಲ್ಲ. ಎಲ್ಲರೂ ಪಕ್ಕದ ಜಗಲಿ ನೋಡುತ್ತಿದ್ದರು. ತಿಪ್ಪೇರುದ್ರಪ್ಪ ಬೂಟು ಹಿಡಿದ ಕೈಗಳಿಂದ ಜನರನ್ನು ಸರಿಸಿ ಮುಂದೆ ಹೋದ. ಜಗಲಿಯ ಮೇಲೆ ಅವ್ವ ಕೂತಿದ್ದಳು.

ಮಗ ಕಾಲು ಸುಲಿಸಿಕೊಂಡು ಯಾರ ಹೊಸ್ತಿಲನ್ನು ಬಿಟ್ಟು ನಡೆದನೋ, ಅವ್ವ ಕದ್ದು ಬಂದು ಅಲ್ಲೇ ಕೂತಿದ್ದಾಳೆ! ತಮ್ಮ ಎಂದರೆ ಹೆಂಗಸರ ಕರುಳು ಇಷ್ಟೇ ಎಂದು ಅವನು ಕಹಿಯಾಗಿ ಅಂದುಕೊಳ್ಳುವಷ್ಟರಲ್ಲಿ ಅಲ್ಲಿನ ಮಾತು ಕಿವಿಗೆ ಬಿತ್ತು.

"ಒಳಕ್ ಬಾರಕ್ಕ," ಎನ್ನುತ್ತಿದ್ದ ಮಾವ. ಕೈಯಲ್ಲಿ ಇನ್ನೂ ಮೊಳಕೋಲು ಇತ್ತು. "ಬಿಸ್ಲಾಗೆ ಹೊತ್ತಾರೆಯಿಂದ ಕುಂತಿದೀಯ. ಜನ ನೋಡ್ತಾವ್ರೆ."

"ಯಾರಪ್ಪ ನೀನು?" ಎಂದಳು ಅವ್ವ.

"ಅಕ್ಕ!"

"ದಣಿವಾಗಿತ್ತು, ಜಗಲಿ ಕಾಣ್ತು, ಕುಂತೆ. ಯಾರ ಮನೆ ಅಂತ ಗೊತ್ತಿಲ್ಲ. ಈ ಊರಾಗೆ ನಂದು ಅಂತ ಒಂದು ಮನೆ ಇತ್ತು. ಆ ಮನೆಯೋರು ಶುಭಕಾರ್ಯ ಮಾಡಾಕ್ ಮುಂಚೆ ಅಕ್ಕನ್ನ ಕೇಳ್ತಿದ್ರು. ಇದು ಅದಲ್ಲ ಬಿಡು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮಾವನ ಹೆಂಡತಿ ದಾಕ್ಷಾಯಣಮ್ಮ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಮುಂದಿಟ್ಟಳು. ಅವ್ವ ಬೆರಳಲ್ಲಿ ತಂಬಿಗೆಯನ್ನು ಒಂದು ಗೇಣು ಆಚೆ ಸರಿಸಿದಳು. ಅಷ್ಟೇ. ಬಿಸಿಲಿಗೆ ಅವಳ ತುಟಿ ಒಡೆದಿತ್ತು.

ಗಂಡನನ್ನೂ ಮಗನನ್ನೂ ಕಂಡಿದ್ದೇ ಎದ್ದಳು. ಆಗ ದಾಕ್ಷಾಯಣಮ್ಮನಿಗೆ ಗಾಬರಿ ಹತ್ತಿತು. "ಅಕ್ಕಾ, ತಡೀರಿ, ತಡೀರಿ, ಹಂಗೇ ಹೋಗಬ್ಯಾಡ್ರಿ," ಎಂದು ಒಳಕ್ಕೆ ಓಡಿ, ಅಕ್ಕಿ ಕೊಬ್ಬರಿ ಕುಬಸದ ಕಣ ತಟ್ಟೆಯಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದಳು. ಮದುವೆಯಾದ ಹೆಣ್ಣು ತವರಿನಿಂದ ಹೊರಡುವಾಗ ಸೆರಗು ಒಡ್ಡುತ್ತಾಳೆ, ತವರಿನವರು ಉಡಿ ತುಂಬಿ ಕಳಿಸುತ್ತಾರೆ. ಜಗಳವಾಡಿ ಹೊರಟವಳೂ ಕಣ್ಣೊರೆಸಿಕೊಂಡು ಸೆರಗು ಒಡ್ಡುವುದುಂಟು. ಬರಿ ಉಡಿಯಲ್ಲಿ ಹೊರಟರೆ ಆ ಮನೆಯ ಏಳಿಗೆಯನ್ನು ಅವಳು ಅಲ್ಲೇ ಕೊಡವಿ ಹೋದಂತೆ ಎಂದು ಮಕ್ಕಳಿಗೂ ಗೊತ್ತು.

ಮರುಳಸಿದ್ದಮ್ಮ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡಳು. ಎಲ್ಲರೂ ಕತ್ತು ಚಾಚಿದರು. ಅವಳು ಅದನ್ನು ನಿಧಾನವಾಗಿ ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಸಿಕ್ಕಿಸಿ, ಜಗಲಿ ಇಳಿದು ನಡೆದಳು.

"ಅಯ್ಯೋ ಶಿವನೆ," ಎಂದಳು ಎದುರು ಸಾಲಿನ ಓಬವ್ವ. ಚಿತ್ರಲಿಂಗಪ್ಪ ಮೊಳಕೋಲು ಹಿಡಿದವನು ಹಿಡಿದ ಹಾಗೇ ನಿಂತಿದ್ದ. ತಿಪ್ಪೇರುದ್ರಪ್ಪನಿಗೆ ತನ್ನ ಮೂರು ಕಲಮಿನ ಕರಡು ನೆನಪಾಗಿ ಕಿವಿ ಬಿಸಿಯಾಯಿತು. ಒಂದು ಸಾಲು ಕಾಗದವಿಲ್ಲದೆ ಅವ್ವ ಮಾವನನ್ನು ಪೇಟೆಯ ನಡುವೆ ಗೋಣು ಮುರಿದು ನಿಲ್ಲಿಸಿದ್ದಳು.

ಮಠಕ್ಕೆ ಬಂದ ಮೇಲೆ ಅಪ್ಪನೇ ಮೆತ್ತಗಾದ. "ಉಡಿ ಕಟ್ಕಂಡು ಬಂದೆಯಲ್ಲೇ, ಅವನ ಮನೆ ಉಳೀತೈತಾ?"

"ಉಳಿದ್ರೆ ಉಳೀಲಿ."

"ನಿನ್ನ ತಮ್ಮ ಕಣೆ."

"ಅದಕ್ಕೇ ಬಂದಿದ್ದು," ಎಂದಳು ಅವ್ವ. "ನೀವಿಬ್ರೂ ಅವನ ಮುಂದೆ ನವಿಲಿನಂಗೆ ಓಡಾಡ್ತಿದ್ರಿ. ಅವನಿಗೆ ಅದು ನೋವಾಗ್ತೈತಾ? ಮನೆ ಗಂಡಸ್ರು ಬರ್ಲಿಲ್ಲ ಅಂದ್ರೆ ಅವನಿಗೆ ಒಂದು ಹೊತ್ತಿನ ಅಡಿಗೆ ಉಳೀತು, ಅಷ್ಟೇ." ಆಮೇಲೆ ಕುಡಿದಳು ನೋಡಿ, ಒಂದು ಕೊಡ ನೀರು.

ಮೂರನೆಯ ದಿನ ಬೆಳಿಗ್ಗೆ ಪಾಲಯ್ಯ ಎತ್ತು ಹೂಡುತ್ತಿದ್ದಾಗ ಚಿತ್ರಲಿಂಗಪ್ಪ ಬಂದ. ತಲೆಯ ಮೇಲೆ ರುಮಾಲಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಎರಡೂ ಕೈಯಲ್ಲಿ ದೊಡ್ಡ ತಟ್ಟೆ: ಅಕ್ಕಿ, ಐದು ತೆಂಗಿನಕಾಯಿ, ಕೊಬ್ಬರಿ, ಬೆಲ್ಲ, ರೇಷ್ಮೆ ಅಂಚಿನ ಕಣ, ಮೇಲೊಂದು ಕಟ್ಟು ವೀಳ್ಯ. ಅಂಗಡಿಯಿಂದ ಮಠದ ತನಕ ಹಾಗೇ ನಡೆದು ಬಂದಿದ್ದ. ಹಿಂದೆ ಅರ್ಧ ಪೇಟೆ ಬಂದಿತ್ತು. ದಸರಾ ಎಂದು ಎಲ್ಲರಿಗೂ ಬಿಡುವಿತ್ತು.

"ತಪ್ಪಾತಕ್ಕ," ಎಂದ. "ರಾತ್ರಿ ನಮ್ಮನೆಯೋಳು ಒಲೆ ಹಚ್ಚಲಿಲ್ಲ. ಸೆರಗು ಒಡ್ಡು."

ಅವ್ವ ಗಾಡಿಯೊಳಗಿಂದ ಕೈ ಚಾಚಿ ಮಗನನ್ನು ತೋರಿಸಿದಳು. "ಮೊದ್ಲು ಅವನ್ನ ಕೇಳು. ಕೇಳಬೇಕಾದ್ದು ಅವನ್ನ."

ಮಾವ ತಿರುಗಿದ. ಆರು ತಿಂಗಳು ಕಾದಿದ್ದ ಗಳಿಗೆ ತಾನಾಗಿಯೇ ನಡೆದು ತಿಪ್ಪೇರುದ್ರಪ್ಪನ ಎದುರು ಬಂದು ನಿಂತಿತು. ಅವ್ವ ಮಗನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಹೇಳುತ್ತಿದ್ದುದು ಸ್ಪಷ್ಟವಾಗಿತ್ತು: ನಿಲ್ಲಿಸು ಅವನನ್ನ, ಬಿಸಿಲೇರುವ ತನಕ ನಿಲ್ಲಿಸು.

"ರುದ್ರಪ್ಪ," ಎಂದ ಮಾವ. "ಮಲ್ಲಕ್ಕನ್ನ ಹೊರಗೆ ಕೊಟ್ಟೀನಿ. ಕೊಡಾಕ್ ಮುಂಚೆ ಕೇಳಬೇಕಾಗಿತ್ತು. ಈಗ ಕೇಳ್ತಿದೀನಿ. ನಿನ್ನ ಒಪ್ಪಿಗೆ ಐತೇನಪ್ಪ?"

ರಕ್ತಸಂಬಂಧದ ಕಲಮು ಎಲ್ಲಿ ಹೋಯಿತೋ. ಹಿತ್ತಾಳೆ ಗುಂಡಿ ಎಲ್ಲಿ ಹೋಯಿತೋ. ತಟ್ಟೆಯ ಭಾರಕ್ಕೆ ಮಾವನ ಕೈ ನಡುಗುವುದಷ್ಟೇ ಅವನಿಗೆ ಕಂಡಿತು. "ಅಯ್ಯೋ, ಐತೆ ಮಾವ, ಐತೆ, ಅದಕ್ಕೇನಂತೆ," ಎಂದು ಬಡಬಡನೆ ಹೇಳಿ, ಒಂದು ಎಲೆಯ ಬದಲು ಗಾಬರಿಯಲ್ಲಿ ಮೂರು ಎತ್ತಿಕೊಂಡುಬಿಟ್ಟ.

ಜನ ನಕ್ಕರು. ಅವ್ವ ಹಣೆ ಚಚ್ಚಿಕೊಂಡಳು. "ಥೂ ನಿನ್ನ! ಮಣ್ಣು ತಿನ್ನೋನೆ! ಒಂದು ಗಳಿಗೆ ಸುಮ್ನೆ ನಿಂತ್ಕಳಾಕ್ ಬರ್ಲಿಲ್ವಾ ನಿಂಗೆ?"

"ಆತಲ್ಲಕ್ಕ, ಅಳಿಯ ಒಪ್ಪಿದ," ಎಂದು ಮಾವ ಉಸಿರು ಬಿಟ್ಟು ತಟ್ಟೆಯನ್ನು ಗಾಡಿಯತ್ತ ಎತ್ತಿದ. "ಇನ್ನು ಸೆರಗು ಒಡ್ಡು."

"ಅವನು ಒಪ್ಪಿದ. ನಾನು ಇಲ್ಲಿ ಒಡ್ಡಲ್ಲ," ಎಂದಳು ಅವ್ವ. "ಕೇಳೋ ವೀಳ್ಯ ನನ್ನ ಹೊಸ್ತಿಲಿಗೆ ಬರಬೇಕಾಗಿತ್ತು, ಬರ್ಲಿಲ್ಲ. ಉಡಿನಾದ್ರೂ ಅಲ್ಲಿಗೆ ಬರ್ಲಿ. ಆದಿವಾಲಕ್ಕೆ ಬಂದು, ನನ್ನ ಹೊಸ್ತಿಲ ಹೊರಗೆ ನಿಂತು ತುಂಬು."

"ಇವತ್ತಾ? ದಸರಾ ವ್ಯಾಪಾರ ಕಣಕ್ಕ! ಅಂಗ್ಡಿ..."

"ಹೊಡಿಯೋ ಪಾಲಯ್ಯ."

ಪಾಲಯ್ಯ ಎತ್ತಿನ ಬಾಲ ಮುಟ್ಟಿದ. ಗಾಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಾವ ಓಡಿ ಬಂದು ಹಿಂದಿನಿಂದ ಹತ್ತಿದ. ಉಡಿಗೆಂದು ಎತ್ತಿದ ತಟ್ಟೆಯನ್ನು ಉಡಿ ತುಂಬುವ ತನಕ ಕೆಳಗಿಡುವ ಹಾಗಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮಡಿಸಿಕೊಂಡು ಕೂತ. ಐದು ತೆಂಗಿನಕಾಯಿಗಳು ಗಾಡಿಯ ಕುಲುಕಾಟಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉರುಳಾಡತೊಡಗಿದವು. ಅವು ಉರುಳಿದ ಕಡೆಗೆಲ್ಲ ಅವನೂ ವಾಲಬೇಕಾಯಿತು.

ಅವ್ವ ಮುಂದೆ ಎತ್ತುಗಳ ಕಡೆ ಮುಖ ಮಾಡಿ ಕೂತಿದ್ದಳು. ತಮ್ಮನಿಗೆ ಕಾಣುತ್ತಿದ್ದುದು ಅವಳ ಬೆನ್ನು. ಅಪ್ಪ ಸ್ವಲ್ಪ ಹೊತ್ತು ಬಿಗುಮಾನ ಮಾಡಿ, ಆಮೇಲೆ ತಡೆಯಲಾರದೆ, "ನಿಮ್ಮೂರ ಕಾಫಿ ಚೆನ್ನಾಗೈತಪ್ಪ," ಎಂದ. "ಹ್ಞೂ ಭಾವ," ಎಂದ ಮಾವ, ಕಾಯಿಗಳಿಂದ ಕಣ್ಣು ತೆಗೆಯದೆ. ಒಂದು ಕಡೆ ನೆರಳು ಕಂಡಿತೆಂದು ಅವ್ವ ಗಾಡಿ ನಿಲ್ಲಿಸಿದಳು. ಬಾವಿ ಕಂಡಿತೆಂದು ಮತ್ತೆ ನಿಲ್ಲಿಸಿದಳು. ಎಲ್ಲರೂ ಇಳಿದು ಮುಖ ತೊಳೆದು, ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ತಟ್ಟೆ ಹಿಡಿದವನಿಗೆ ರೊಟ್ಟಿ ತಿನ್ನಲು ಮೂರನೆಯ ಕೈ ಇರಲಿಲ್ಲ.

ಐಮಂಗಲ ದಾಟುವಾಗ ಚಿತ್ರಲಿಂಗಪ್ಪನ ತೋಳುಗಳು ಬಿಟ್ಟುಬಿಟ್ಟು ನಡುಗುತ್ತಿದ್ದವು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿರಲಿಲ್ಲ. ತಿಪ್ಪೇರುದ್ರಪ್ಪನಿಗೆ ನೋಡಲಾಗಲಿಲ್ಲ. ಮೆಲ್ಲಗೆ ಸರಿದು, ತಟ್ಟೆಯ ಒಂದು ಅಂಚಿಗೆ ಕೈ ಕೊಡಹೋದ.

"ರುದ್ರ," ಎಂದಳು ಅವ್ವ, ಹಿಂತಿರುಗದೆ. "ಕೈ ತೆಗಿ."

ಅವನು ಕೈ ತೆಗೆದ.

ಹಿರಿಯೂರು ಇನ್ನೂ ದೂರವಿತ್ತು. ಅದನ್ನು ದಾಟಿ ಆದಿವಾಲ. ಅವ್ವ ಕಾಲು ನೀಡಿ ಸರಿಯಾಗಿ ಕೂತು, ಪಾಲಯ್ಯನಿಗೆ ಹೇಳಿದಳು:

"ಎತ್ತು ದಣಿದಾವೆ ಕಣಪ್ಪ. ನಿಧಾನಕ್ಕೆ ಹೊಡಿ."